ಯಾರೂ ಆರಿಸದ ಪೋಕ್ಮಾನ್ ಇಟ್ಟುಕೊಂಡು ಗೆಲ್ಲೋದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಮಳೆಗಾಲದ ಒಂದು ಭಾನುವಾರ ಸಂಜೆ ಉಣಕಲ್ ಹತ್ತಿರದ ನಮ್ಮ ಮನೆಯಲ್ಲಿ ನಾಲ್ಕು ಜನ ಕೂತಿದ್ದೆವು. ನಡುವೆ ಪೇಪರ್ ಮೇಲೆ ಗಿರ್ಮಿಟ್, ಪಕ್ಕದಲ್ಲಿ ಬಿಸಿ ಮಿರ್ಚಿ. ಎಲ್ಲರ ಕೈಯಲ್ಲೂ ಫೋನ್, ಎಲ್ಲರ ಫೋನಿನಲ್ಲೂ ಪೋಕ್ಮಾನ್ ಶೋಡೌನ್, ಅಂದರೆ ಪೋಕ್ಮಾನ್ ಕಾಳಗ ಆಡುವ ವೆಬ್‌ಸೈಟ್. ಧಾರವಾಡದಿಂದ ಬಂದಿದ್ದ ಚಿಕ್ಕಪ್ಪನ ಮಗ ನನ್ನ ಟೀಂ ನೋಡಿ ಕೇಳಿದ: "ಅಣ್ಣಾ, ಈ ಮಂಗ್ಯಾನ್ನ ಯಾಕ ಇಟ್ಟೀದಿ? ಇದನ್ನ ಯಾರೂ ಆಡಂಗಿಲ್ಲಲ್ಲ."

ಮಂಗ್ಯಾ ಅಂದದ್ದು ಒರಾಂಗುರುವಿಗೆ. ಕೈಯಲ್ಲಿ ಎಲೆಗಳ ಬೀಸಣಿಗೆ ಹಿಡಿದು ಸುಮ್ನೆ ಕೂತಿರುವ ಒರಾಂಗುಟಾನ್. ಮ್ಯಾಚ್ ಶುರುವಾಯಿತು. ಎರಡನೇ ಟರ್ನ್‌ನಲ್ಲಿ ಅವನ ಎರಡೂ ಪೋಕ್ಮಾನ್ ಒಟ್ಟಿಗೆ ನೆಲ ಕಂಡವು. ಅವನು ಗಿರ್ಮಿಟ್ ಬಿಟ್ಟು ನನ್ನ ಪಕ್ಕ ಬಂದು ಕೂತ. "ಹೆಂಗಾತು ಇದು? ಹೇಳ್ ಮತ್ತ."

ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ನಂಬಿರುವುದು ಇಷ್ಟೇ: ಅಪರೂಪದ ಪೋಕ್ಮಾನ್ ಹುಡುಕಿಕೊಂಡು ಹೋಗಬೇಡಿ. ನೀವು ಪದೇ ಪದೇ ಸೋಲುವ ಕಾರಣವನ್ನು ಹುಡುಕಿ. ಆ ಕಾರಣಕ್ಕೆ ಉತ್ತರ ಹುಡುಕುತ್ತಾ ಹೋದಾಗ ಕೆಲವೊಮ್ಮೆ ಯಾರೂ ಮುಟ್ಟದ ಪೋಕ್ಮಾನ್ ಒಂದು ಸಿಗುತ್ತದೆ. ಹಾಗೆ ಸಿಕ್ಕಿದ್ದು ಮಾತ್ರ ಗೆಲ್ಲಿಸುತ್ತದೆ.

ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಶೋಡೌನ್ ಫೋನಿನ ಬ್ರೌಸರ್‌ನಲ್ಲೇ ಓಡುತ್ತದೆ, ದುಡ್ಡು ಕೊಡಬೇಕಿಲ್ಲ. ಪೋಕ್ಮಾನ್ ಹಿಡಿದು ಬೆಳೆಸುವ ಕೆಲಸವೂ ಇಲ್ಲ, ಟೀಂ ಬರೆದುಕೊಂಡು ನೇರ ಆಡಬಹುದು. ಜೊತೆಗೆ ಒಂದು ನೋಟ್‌ಬುಕ್, ಒಂದು ಪೆನ್ನು. ನೋಟ್‌ಬುಕ್ ಯಾಕೆ ಅಂತ ಎರಡನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಡಬಲ್ಸ್ ಆಟದವು. ವಿಶ್ವ ಚಾಂಪಿಯನ್‌ಶಿಪ್ ನಡೆಯುವುದೂ ಇದೇ ಮಾದರಿಯಲ್ಲಿ: ಆರು ಪೋಕ್ಮಾನ್ ತರುತ್ತೀರಿ, ನಾಲ್ಕನ್ನು ಆರಿಸುತ್ತೀರಿ, ಒಮ್ಮೆಗೆ ಎರಡು ಕಣದಲ್ಲಿರುತ್ತವೆ, ಎಲ್ಲದರ ಲೆವೆಲ್ 50. ಯಾವ ಪೋಕ್ಮಾನ್‌ಗೆ ಅವಕಾಶ ಇದೆ ಅನ್ನೋದು ಸೀಸನ್‌ನಿಂದ ಸೀಸನ್‌ಗೆ ಬದಲಾಗುತ್ತದೆ. ಟೀಂ ಕಟ್ಟುವ ಮೊದಲು ಅದನ್ನು ನೋಡಿಕೊಳ್ಳಿ.

ಮೊದಲ ಹೆಜ್ಜೆ: ಯಾಕೆ ಯಾರೂ ಆಡಲ್ಲ ಅಂತ ತಿಳಿದುಕೊಳ್ಳಿ

ಸ್ಮೋಗನ್ ಅನ್ನೋ ಆಟಗಾರರ ಬಳಗ ಸಿಂಗಲ್ಸ್ ಆಟಕ್ಕೆ (ಒಮ್ಮೆಗೆ ಒಂದೊಂದೇ ಪೋಕ್ಮಾನ್ ಕಣದಲ್ಲಿ) ಪೋಕ್ಮಾನ್‌ಗಳನ್ನು ಮಟ್ಟಗಳಾಗಿ ವಿಂಗಡಿಸುತ್ತದೆ. ಮೇಲಿನ ಮಟ್ಟಕ್ಕೆ ಓಯು (ಓವರ್‌ಯೂಸ್ಡ್) ಅಂತ ಹೆಸರು. ತುಂಬಾ ಜನ ಅದನ್ನು ಶಕ್ತಿಯ ಪಟ್ಟಿ ಅಂದುಕೊಳ್ಳುತ್ತಾರೆ. ಅಲ್ಲ, ಅದು ಬಳಕೆಯ ಪಟ್ಟಿ. ಬಳಕೆ ಶೇ 4.52 ದಾಟಿದರೆ ಆ ಪೋಕ್ಮಾನ್ ಓಯು. ಈ ವಿಚಿತ್ರ ಸಂಖ್ಯೆಗೂ ಅರ್ಥ ಇದೆ: ಅಷ್ಟು ಬಳಕೆ ಇದ್ದರೆ 15 ಮ್ಯಾಚ್ ಆಡುವಷ್ಟರಲ್ಲಿ ಅದು ಒಮ್ಮೆಯಾದರೂ ನಿಮಗೆ ಎದುರಾಗುವ ಸಾಧ್ಯತೆ ಅರ್ಧಕ್ಕರ್ಧ. ಅಂದರೆ ಕೆಳಗಿನ ಮಟ್ಟದಲ್ಲಿ ಇರೋದೆಲ್ಲ ಕೈಲಾಗದ್ದು ಅಂತಲ್ಲ, ಅಪರೂಪ ಅಂತ ಅಷ್ಟೇ.

ಅಪರೂಪ ಆಗೋದಕ್ಕೆ ಕಾರಣ ಬೇರೆ ಬೇರೆ. ಕೆಲವು ನಿಜವಾಗಿಯೂ ದುರ್ಬಲ. ಲವ್‌ಡಿಸ್ಕ್‌ನ ಆರೂ ಬೇಸ್ ಸ್ಟ್ಯಾಟ್ (ಎಚ್‌ಪಿ ಅಂದರೆ ಜೀವಬಲ, ಅಟ್ಯಾಕ್, ಡಿಫೆನ್ಸ್, ಸ್ಪೀಡ್ ಮುಂತಾದ ಮೂಲ ಅಂಕಗಳು) ಕೂಡಿಸಿದರೆ 330 ಮಾತ್ರ. ಎಷ್ಟೇ ಪ್ರೀತಿ ಇದ್ದರೂ ಅದನ್ನು ಪಂದ್ಯಕ್ಕೆ ಒಯ್ಯಬೇಡಿ. ಇನ್ನು ಕೆಲವು ಒಳ್ಳೆಯವೇ, ಆದರೆ ಅದೇ ಕೆಲಸವನ್ನು ಇನ್ನೊಂದು ಚೆನ್ನಾಗಿ ಮಾಡುತ್ತದೆ. ಕ್ವಾಗ್‌ಸೈರ್ ನೋಡಿ. ಅದರ ಅನ್‌ಅವೇರ್ ಎಬಿಲಿಟಿ (ಪೋಕ್ಮಾನ್‌ಗೆ ಇರುವ ವಿಶೇಷ ಗುಣ) ಎದುರಾಳಿ ಏರಿಸಿಕೊಂಡ ಸ್ಟ್ಯಾಟ್‌ಗಳನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನವೆಂಬರ್ 2022ರಲ್ಲಿ ಸ್ಕಾರ್ಲೆಟ್ ಮತ್ತು ವೈಲೆಟ್ ಆಟಗಳು ಬಂದಾಗ ಅದೇ ಎಬಿಲಿಟಿಯ ಡೊಂಡೋಜೊ ಬಂತು. ಕ್ವಾಗ್‌ಸೈರ್‌ನ ಬೇಸ್ ಎಚ್‌ಪಿ 95, ಡಿಫೆನ್ಸ್ 85. ಡೊಂಡೋಜೊದ್ದು 150 ಮತ್ತು 115. ಜನ ಯಾವುದನ್ನು ಆರಿಸುತ್ತಾರೆ, ಹೇಳಬೇಕಿಲ್ಲ ಅಲ್ವಾ. ಆದರೂ ಕ್ವಾಗ್‌ಸೈರ್‌ಗೆ ವಿದ್ಯುತ್ ದಾಳಿ ತಾಗುವುದೇ ಇಲ್ಲ, ಮೇಲಿಂದ ಅರ್ಧ ಎಚ್‌ಪಿ ತುಂಬುವ ರಿಕವರ್ ಅನ್ನೋ ಮೂವ್ (ಪೋಕ್ಮಾನ್ ತನ್ನ ಸರದಿಯಲ್ಲಿ ಮಾಡುವ ದಾಳಿ ಅಥವಾ ತಂತ್ರ) ಇದೆ. ನಿಮ್ಮ ತೊಂದರೆ ವಿದ್ಯುತ್ ಟೈಪ್‌ನದ್ದಾದರೆ ಹಳೆಯದೇ ಸರಿ.

ಮೂರನೇ ಗುಂಪು ನಮಗೆ ಬೇಕಾದದ್ದು: ಒಂದು ಕೆಲಸ ಬಹಳ ಚೆನ್ನಾಗಿ ಮಾಡುವ, ಆದರೆ ಆಡಿಸೋಕೆ ಯೋಚನೆ ಬೇಡುವ ಪೋಕ್ಮಾನ್‌ಗಳು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಆ ಗಿಡಗಳು ಇಲ್ಲಿವೆ.

ನಮ್ಮ ಕಡೆ ಅಡುಗೆ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯನ್ನು ಖಾರಕ್ಕೆ ಅಂತ ಹಾಕುವುದಿಲ್ಲ, ಬಣ್ಣಕ್ಕೆ ಹಾಕುತ್ತೇವೆ. ಖಾರದ ಲೆಕ್ಕದಲ್ಲಿ ಅದನ್ನು ತೂಗಿದರೆ ಗುಂಟೂರಿನ ಮುಂದೆ ನಿಲ್ಲುವುದಿಲ್ಲ. ಬಣ್ಣದ ಲೆಕ್ಕದಲ್ಲಿ ಗುಂಟೂರು ಇದರ ಮುಂದೆ ನಿಲ್ಲುವುದಿಲ್ಲ. ಒರಾಂಗುರುವನ್ನು ಎಷ್ಟು ಜೋರಾಗಿ ಹೊಡೆಯುತ್ತದೆ ಅಂತ ನೋಡಿದವರು ಪಕ್ಕಕ್ಕಿಟ್ಟರು. ಹೊಡೆಯೋದು ಅದರ ಕೆಲಸವೇ ಅಲ್ಲ.

ಎರಡನೇ ಹೆಜ್ಜೆ: ಸೋಲನ್ನು ಬರೆದಿಡಿ

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಮ್ಯಾಚ್ ಮುಗಿದ ಮೇಲೆ ಶೋಡೌನ್‌ನಲ್ಲಿ ರೀಪ್ಲೇ ಉಳಿಸಿಕೊಳ್ಳಬಹುದು. ಸೋತ ಹತ್ತು ಮ್ಯಾಚ್‌ಗಳ ರೀಪ್ಲೇ ಮತ್ತೆ ನೋಡಿ. ಒಂದೊಂದಕ್ಕೂ ಒಂದೇ ಸಾಲು ಬರೆಯಿರಿ: ಎಲ್ಲಿ ಕೈ ತಪ್ಪಿತು? ಕೊನೆಯ ಟರ್ನ್ ಅಲ್ಲ, ಆಟ ವಾಲಿದ ಟರ್ನ್. ಅದು ಸಾಮಾನ್ಯವಾಗಿ ಒಂದನೆಯದೋ ಎರಡನೆಯದೋ ಆಗಿರುತ್ತದೆ.

ನಾನು ಹಾಗೆ ಬರೆದಾಗ ಹತ್ತರಲ್ಲಿ ಆರು ಸಾಲು ಒಂದೇ ಇತ್ತು: "ಮೊದಲ ಟರ್ನ್‌ನಲ್ಲಿ ಫೇಕ್ ಔಟ್ ಬಿತ್ತು, ಟ್ರಿಕ್ ರೂಮ್ ಆಗಲಿಲ್ಲ."

ಹೊಸಬರಿಗಾಗಿ ಒಂದು ಮಾತು. ಟ್ರಿಕ್ ರೂಮ್ ಹಾಕಿದರೆ ಐದು ಟರ್ನ್‌ವರೆಗೆ ಆಟ ತಲೆಕೆಳಗು: ನಿಧಾನ ಇರುವವರು ಮೊದಲು ಹೊಡೆಯುತ್ತಾರೆ. ಆದರೆ ಈ ಮೂವ್‌ನ ಸರದಿ ಆ ಟರ್ನ್‌ನ ಕೊಟ್ಟ ಕೊನೆಯಲ್ಲಿ ಬರುತ್ತದೆ, ಪ್ರಯಾರಿಟಿ (ಸ್ಪೀಡ್‌ಗಿಂತ ಮೊದಲು ಸರದಿ ನಿರ್ಧರಿಸುವ ಅಂಕ) ಮೈನಸ್ 7. ಅಷ್ಟರೊಳಗೆ ಎದುರಾಳಿ ಫೇಕ್ ಔಟ್ ಹಾಕಿದರೆ ನಿಮ್ಮ ಪೋಕ್ಮಾನ್ ಬೆಚ್ಚಿಬಿದ್ದು ಆ ಟರ್ನ್ ಕಳೆದುಕೊಳ್ಳುತ್ತದೆ. ಇನ್ಸಿನೆರೋರ್ ಹಾಕುವ ಫೇಕ್ ಔಟ್ ಅಂತೂ ಡಬಲ್ಸ್ ಆಡುವವರೆಲ್ಲ ದಿನಾ ನೋಡುವಂಥದ್ದು.

ಈಗ ನೋಡಿ, "ನನಗೆ ಒಳ್ಳೆಯ ಪೋಕ್ಮಾನ್ ಬೇಕು" ಅನ್ನೋ ಮಸುಕು ಆಸೆ ಹೋಗಿ "ಫೇಕ್ ಔಟ್‌ಗೆ ಬೆಚ್ಚದೆ ಟ್ರಿಕ್ ರೂಮ್ ಹಾಕುವವರು ಬೇಕು" ಅನ್ನೋ ಖಚಿತ ಬೇಡಿಕೆ ಬಂತು. ನಿಮ್ಮ ನೋಟ್‌ಬುಕ್‌ನಲ್ಲಿ ಬೇರೆಯೇ ಸಾಲು ಬರಬಹುದು. ಬೇಡಿಕೆ ಮಾತ್ರ ಇಷ್ಟೇ ಖಚಿತವಾಗಿರಲಿ.

ಮೂರನೇ ಹೆಜ್ಜೆ: ಸೋಸಿ ಹುಡುಕಿ

ಶೋಡೌನ್‌ನ ಟೀಂಬಿಲ್ಡರ್‌ನಲ್ಲಿ ಪೋಕ್ಮಾನ್ ಹೆಸರಿನ ಜಾಗದಲ್ಲಿ ಒಂದು ಮೂವ್‌ನ ಹೆಸರು ಬರೆದರೆ ಆ ಮೂವ್ ಬರುವ ಪೋಕ್ಮಾನ್‌ಗಳ ಪಟ್ಟಿ ಸಿಗುತ್ತದೆ. ಅದರ ಮೇಲೆ ಎಬಿಲಿಟಿ, ಟೈಪ್ ಹೀಗೆ ಇನ್ನೂ ಜರಡಿ ಹಿಡಿಯಬಹುದು. ಬಹಳ ಜನರಿಗೆ ಈ ಸೌಲಭ್ಯ ಗೊತ್ತೇ ಇಲ್ಲ. ನನಗೆ ಇಡೀ ಶೋಡೌನ್‌ನಲ್ಲಿ ಅತಿ ಇಷ್ಟದ ಜಾಗ ಇದು.

ನಾನು ಟ್ರಿಕ್ ರೂಮ್ ಹಾಕಿ ನೋಡಿದೆ. ಫೇಕ್ ಔಟ್ ನಾರ್ಮಲ್ ಟೈಪ್ ಆದ್ದರಿಂದ ಘೋಸ್ಟ್ ಟೈಪ್‌ಗಳಿಗೆ ತಾಗುವುದಿಲ್ಲ, ಅಲ್ಲಿ ಡಸ್ಕ್ಲಾಪ್ಸ್ ಇದೆ. ಫಾರಿಗಿರಾಫ್‌ನ ಆರ್ಮರ್ ಟೇಲ್ ಎಬಿಲಿಟಿ ಎದುರಾಳಿಯ ಪ್ರಯಾರಿಟಿ ದಾಳಿಗಳನ್ನೇ ತಡೆಯುತ್ತದೆ. ಇವೆರಡೂ ಹೆಸರುವಾಸಿ. ಆಮೇಲೆ ಇನ್ನರ್ ಫೋಕಸ್ ಎಬಿಲಿಟಿ ಸೇರಿಸಿ ಹುಡುಕಿದೆ. ಒರಾಂಗುರು ಕಣ್ಣಿಗೆ ಬಿತ್ತು. ಇನ್ನರ್ ಫೋಕಸ್ ಇದ್ದರೆ ಬೆಚ್ಚಿಬೀಳುವ ಮಾತೇ ಇಲ್ಲ.

ಇಲ್ಲಿ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಹೆಸರುವಾಸಿ ಇರುವಾಗ ಇದು ಯಾಕೆ? ಉತ್ತರ ಇಲ್ಲದಿದ್ದರೆ ಹೆಸರುವಾಸಿಯನ್ನೇ ಆಡಿಸಿ, ಅದರಲ್ಲಿ ಯಾವ ನಾಚಿಕೆಯೂ ಇಲ್ಲ. ಒರಾಂಗುರು ವಿಷಯದಲ್ಲಿ ನನ್ನ ಹತ್ತಿರ ಉತ್ತರ ಇತ್ತು: ಇನ್‌ಸ್ಟ್ರಕ್ಟ್. ಜೊತೆಗಾರ ಈಗಷ್ಟೇ ಮಾಡಿದ ದಾಳಿಯನ್ನು ಅದೇ ಟರ್ನ್‌ನಲ್ಲಿ ಇನ್ನೊಮ್ಮೆ ಮಾಡಿಸುವ ಮೂವ್ ಅದು. ಫಾರಿಗಿರಾಫ್‌ಗೂ ಡಸ್ಕ್ಲಾಪ್ಸ್‌ಗೂ ಅದು ಬರುವುದಿಲ್ಲ.

ಪಚಿರಿಸು ಕಲಿಸಿದ ಪಾಠ

ಇದೇ ದಾರಿಯಲ್ಲಿ ನಡೆದವರ ದೊಡ್ಡ ಉದಾಹರಣೆ ಎಲ್ಲರಿಗೂ ಗೊತ್ತು, ಆದರೆ ಜನ ಅದನ್ನು ತಪ್ಪಾಗಿ ಓದುತ್ತಾರೆ. 2014ರಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಅನ್ನು ಕೊರಿಯಾದ ಸೆಜುನ್ ಪಾರ್ಕ್ ಗೆದ್ದರು. ಅವರ ಟೀಂನಲ್ಲಿ ಗ್ಯಾರಡೋಸ್, ಗಾರ್ಚಾಂಪ್ ಇದ್ದವು, ಜೊತೆಗೆ ಪಚಿರಿಸು ಅನ್ನೋ ಪುಟ್ಟ ಅಳಿಲು. ಅದರ ಬೇಸ್ ಸ್ಟ್ಯಾಟ್ ಮೊತ್ತ 405. ಅಟ್ಯಾಕ್ ಬರೀ 45.

"ಪ್ರೀತಿಯ ಪೋಕ್ಮಾನ್ ಇಟ್ಟುಕೊಂಡು ಗೆದ್ದರು" ಅಂತ ಎಲ್ಲರೂ ಹೇಳುತ್ತಾರೆ. ಪ್ರೀತಿ ಇರಲಿ, ಲೆಕ್ಕ ನೋಡಿ. ಗ್ಯಾರಡೋಸ್ ನೀರು ಮತ್ತು ಹಾರುವ ಟೈಪ್, ವಿದ್ಯುತ್ ದಾಳಿ ಬಿದ್ದರೆ ನಾಲ್ಕು ಪಟ್ಟು ಪೆಟ್ಟು. ಪಚಿರಿಸುಗೆ ವೋಲ್ಟ್ ಅಬ್ಸಾರ್ಬ್ ಎಬಿಲಿಟಿ ಇದೆ, ವಿದ್ಯುತ್ ಬಿದ್ದರೆ ಪೆಟ್ಟಾಗುವುದಿಲ್ಲ, ಎಚ್‌ಪಿ ತುಂಬುತ್ತದೆ. ಮೇಲಿಂದ ಫಾಲೋ ಮಿ ಹಾಕಿದರೆ ಜೊತೆಗಾರನೊಬ್ಬನನ್ನೇ ಗುರಿ ಮಾಡಿದ ದಾಳಿಗಳು ಅದರ ಕಡೆ ತಿರುಗುತ್ತವೆ. ಅಂದರೆ ಗ್ಯಾರಡೋಸ್‌ನ ದೊಡ್ಡ ಭಯ ಪಚಿರಿಸುಗೆ ಊಟ. ಹೊಡೆಯೋ ಶಕ್ತಿ ಇಲ್ಲ ಅಂತೀರಾ? ಸೂಪರ್ ಫ್ಯಾಂಗ್ ಎದುರಾಳಿಯ ಉಳಿದ ಎಚ್‌ಪಿಯ ಅರ್ಧ ಕಿತ್ತುಕೊಳ್ಳುತ್ತದೆ, ಅದಕ್ಕೆ ಅಟ್ಯಾಕ್ ಸ್ಟ್ಯಾಟ್ ಬೇಕೇ ಇಲ್ಲ. ನಜಲ್ ತಾಗಿದರೆ ಪ್ಯಾರಲೈಸ್ ಗ್ಯಾರಂಟಿ. ಅಳಿಲಿನ ದುರ್ಬಲ ಸ್ಟ್ಯಾಟ್ ಒಂದೂ ಲೆಕ್ಕಕ್ಕೆ ಬಾರದ ಹಾಗೆ ಮೂವ್‌ಗಳನ್ನು ಆರಿಸಿದ್ದಾರೆ. ಇದನ್ನು ಮೊದಲ ಸಲ ಗಮನಿಸಿದಾಗ ನಾನು ಆ ಫೈನಲ್ ಅನ್ನು ಮತ್ತೆ ಮೊದಲಿಂದ ನೋಡಿದೆ.

2016ರ ಚಾಂಪಿಯನ್ ವೂಲ್ಫ್ ಗ್ಲಿಕ್ ಟೀಂನಲ್ಲೂ ಇದೇ ಯೋಚನೆ ಕಾಣುತ್ತದೆ. ಕಯೋಗರ್, ರೆಕ್ವೇಜಾ ಅನ್ನೋ ದೈತ್ಯರ ನಡುವೆ ಒಂದು ರಾಯ್ಚು. ಅದರ ಲೈಟ್ನಿಂಗ್ ರಾಡ್ ಎಬಿಲಿಟಿ ಕಯೋಗರ್ ಮೇಲೆ ಬರುವ ವಿದ್ಯುತ್ ದಾಳಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ.

ನಾಲ್ಕನೇ ಹೆಜ್ಜೆ: ಲೆಕ್ಕ ಮಾಡಿ, ಅಂದಾಜು ಬೇಡ

ಅಪರೂಪದ ಪೋಕ್ಮಾನ್‌ಗಳು ಸಾಮಾನ್ಯವಾಗಿ ಅಂಚಿನಲ್ಲಿ ಬದುಕುತ್ತವೆ. ಒಂದು ಪೆಟ್ಟು ತಡೆಯುತ್ತದೋ ಇಲ್ಲವೋ ಅನ್ನೋದರ ಮೇಲೆ ಎಲ್ಲ ನಿಂತಿರುತ್ತದೆ. ಅದಕ್ಕೇ ಇ.ವಿ. (ಸ್ಟ್ಯಾಟ್ ಏರಿಸಲು ನಾವೇ ಹಾಕುವ ಅಂಕ) ಹಂಚಿಕೆ ಇಲ್ಲಿ ಬಹಳ ಮುಖ್ಯ. ಒಟ್ಟು 510 ಇ.ವಿ. ಸಿಗುತ್ತವೆ, ಒಂದು ಸ್ಟ್ಯಾಟ್‌ಗೆ ಹೆಚ್ಚೆಂದರೆ 252.

ಒರಾಂಗುರುವಿನ ಬೇಸ್ ಎಚ್‌ಪಿ 90. ಲೆವೆಲ್ 50ರಲ್ಲಿ ಎಚ್‌ಪಿಗೆ ಇ.ವಿ. ಹಾಕದಿದ್ದರೆ 165 ಆಗುತ್ತದೆ, 252 ಹಾಕಿದರೆ 197. ಈ 32ರ ಬೆಲೆ ಏನು? ಎದುರಿಗೆ ಗಾರ್ಚಾಂಪ್ ಇದೆ ಅಂದುಕೊಳ್ಳಿ. ಅಟ್ಯಾಕ್‌ಗೆ ಪೂರ್ತಿ 252, ಸ್ಪೀಡ್ ಏರಿಸುವ ನೇಚರ್ (ಒಂದು ಸ್ಟ್ಯಾಟ್ ಏರಿಸಿ ಇನ್ನೊಂದನ್ನು ಇಳಿಸುವ ಸ್ವಭಾವ), ಅಟ್ಯಾಕ್ 182. ಅದು ಅರ್ಥ್‌ಕ್ವೇಕ್ ಹಾಕುತ್ತದೆ. ಒರಾಂಗುರುವಿನ ಡಿಫೆನ್ಸ್ ಇ.ವಿ. ಹಾಕದೆಯೇ 100.

ಲೆವೆಲ್ 50ಕ್ಕೆ ಬರುವ 22 ಗುಣಿಸು ದಾಳಿಯ ಶಕ್ತಿ 100 ಗುಣಿಸು 182, ಭಾಗಿಸು 100, ಮತ್ತೆ ಭಾಗಿಸು 50: 80. ಅದಕ್ಕೆ 2 ಕೂಡಿಸಿ: 82. ಅರ್ಥ್‌ಕ್ವೇಕ್ ಒಬ್ಬರಿಗಿಂತ ಹೆಚ್ಚು ಜನರಿಗೆ ತಾಗುವ ದಾಳಿ, ಆದ್ದರಿಂದ ಮುಕ್ಕಾಲು ಪಾಲು: 61. ಆಟ ಇದನ್ನು ಶೇ 85ರಿಂದ 100ರ ನಡುವೆ ಎಲ್ಲಾದರೂ ಇಳಿಸುತ್ತದೆ. ಕೊನೆಗೆ ತನ್ನದೇ ಟೈಪ್‌ನ ದಾಳಿ ಅಂತ ಒಂದೂವರೆ ಪಟ್ಟು. ಸಿಗುವುದು 76ರಿಂದ 91.

ಎರಡು ಅರ್ಥ್‌ಕ್ವೇಕ್ ಬಿದ್ದರೆ ಹೆಚ್ಚೆಂದರೆ 182. ಎಚ್‌ಪಿ 165 ಇದ್ದಿದ್ದರೆ ಒರಾಂಗುರು ಬೀಳುವ ಅಪಾಯ ಇತ್ತು. 197 ಇದ್ದರೆ ಕ್ರಿಟಿಕಲ್ ಹಿಟ್ (ಅದೃಷ್ಟದಿಂದ ಬೀಳುವ ಜಾಸ್ತಿ ಪೆಟ್ಟು) ಬಂದರೆ ಮಾತ್ರ ಬೀಳುತ್ತದೆ, ಅದರ ಸಾಧ್ಯತೆ ಒಂದೊಂದು ದಾಳಿಗೆ 24ರಲ್ಲಿ 1. ನೀವು ದಿನಾ ಹೀಗೆ ಕೈಯಲ್ಲಿ ಲೆಕ್ಕ ಮಾಡಬೇಕಿಲ್ಲ, ಡ್ಯಾಮೇಜ್ ಕ್ಯಾಲ್ಕುಲೇಟರ್‌ಗಳು ಉಚಿತವಾಗಿ ಸಿಗುತ್ತವೆ. ಆದರೆ ಒಮ್ಮೆ ಕೈಯಾರೆ ಮಾಡಿ ನೋಡಿ. ಯಾವ ಸಂಖ್ಯೆ ಎಲ್ಲಿಂದ ಬಂತು ಅಂತ ಗೊತ್ತಾದ ಮೇಲೆ ಆಟವೇ ಬೇರೆ ಥರ ಕಾಣುತ್ತದೆ.

ನಾನು ಆಡಿಸುವ ಒರಾಂಗುರು ಹೀಗಿದೆ: ಎಚ್‌ಪಿ 252, ಉಳಿದದ್ದು ಎರಡೂ ಡಿಫೆನ್ಸ್‌ಗೆ, ಸ್ಪೀಡ್ ಇಳಿಸುವ ಸ್ಯಾಸಿ ನೇಚರ್, ಸ್ಪೀಡ್ ಐ.ವಿ. (ಪೋಕ್ಮಾನ್‌ಗೆ ಹುಟ್ಟಿನಿಂದಲೇ ಬರುವ ಅಂಕ) ಸೊನ್ನೆ. ಮೂವ್‌ಗಳು ಟ್ರಿಕ್ ರೂಮ್, ಇನ್‌ಸ್ಟ್ರಕ್ಟ್, ಪ್ರೊಟೆಕ್ಟ್ (ಆ ಟರ್ನ್‌ನಲ್ಲಿ ತನ್ನ ಮೇಲಿನ ದಾಳಿ ತಡೆಯುವುದು), ಫೌಲ್ ಪ್ಲೇ. ಫೌಲ್ ಪ್ಲೇ ಎದುರಾಳಿಯ ಅಟ್ಯಾಕ್ ಸ್ಟ್ಯಾಟ್ ಬಳಸಿ ಹೊಡೆಯುತ್ತದೆ, ಒರಾಂಗುರುವಿನ ಅಟ್ಯಾಕ್ ಎಷ್ಟಿದ್ದರೂ ನಡೆಯುತ್ತದೆ. ಪಚಿರಿಸುವಿನ ಸೂಪರ್ ಫ್ಯಾಂಗ್ ನೆನಪಾಯಿತಾ? ಅದೇ ಯೋಚನೆ. ಹಿಡಿದುಕೊಳ್ಳುವ ಐಟಂ ಮೆಂಟಲ್ ಹರ್ಬ್, ಯಾಕೆಂದರೆ ಇನ್ನರ್ ಫೋಕಸ್ ಫೇಕ್ ಔಟ್ ತಡೆದರೂ ಟಾಂಟ್ ತಡೆಯುವುದಿಲ್ಲ. ಟಾಂಟ್ ಬಿದ್ದರೆ ಟ್ರಿಕ್ ರೂಮ್ ಹಾಕಲಾಗದು. ಮೆಂಟಲ್ ಹರ್ಬ್ ಅದನ್ನು ಒಮ್ಮೆ ಬಿಡಿಸುತ್ತದೆ.

ಐದನೇ ಹೆಜ್ಜೆ: ಸರಿಯಾದ ಜೋಡಿ

ಅಪರೂಪದ ಪೋಕ್ಮಾನ್ ಒಂಟಿಯಾಗಿ ಗೆಲ್ಲಿಸುವುದಿಲ್ಲ. ಅದು ಯಾರಿಗೆ ದುಡಿಯುತ್ತದೆ ಅನ್ನೋದು ಮುಖ್ಯ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನೋ ಹಾಗಿರುವ ಟೀಂಗಳನ್ನು ಬಹಳ ನೋಡಿದ್ದೇನೆ. ಒಂದು ಪೋಕ್ಮಾನ್ ಟೇಲ್‌ವಿಂಡ್ ಹಾಕಿ ತನ್ನವರ ಸ್ಪೀಡ್ ಎರಡು ಪಟ್ಟು ಮಾಡುತ್ತದೆ, ಮರು ಟರ್ನ್‌ಗೆ ಜೊತೆಗಾರ ಟ್ರಿಕ್ ರೂಮ್ ಹಾಕಿ ಅದೇ ಸ್ಪೀಡ್ ಅನ್ನು ಹೊರೆ ಮಾಡುತ್ತದೆ. ಒಂದನ್ನು ಆರಿಸಿಕೊಳ್ಳಿ.

ಒರಾಂಗುರು ಜೊತೆಗೆ ನನ್ನ ಆಯ್ಕೆ ಟೊರ್ಕೋಲ್ ಅನ್ನೋ ಆಮೆ. ಬೇಸ್ ಸ್ಪೀಡ್ 20. ಐ.ವಿ. ಸೊನ್ನೆ, ಸ್ಪೀಡ್ ಇಳಿಸುವ ನೇಚರ್ ಇಟ್ಟರೆ ಲೆವೆಲ್ 50ರಲ್ಲಿ ಸ್ಪೀಡ್ 22. ಕಣಕ್ಕಿಳಿದ ಕೂಡಲೇ ಡ್ರಾಟ್ ಎಬಿಲಿಟಿಯಿಂದ ಬಿಸಿಲು ಬರುತ್ತದೆ. ಅದರ ಮುಖ್ಯ ಆಯುಧ ಎರಪ್ಷನ್. ಎಚ್‌ಪಿ ತುಂಬಿದ್ದಾಗ ಶಕ್ತಿ 150, ಎಚ್‌ಪಿ ಅರ್ಧಕ್ಕೆ ಇಳಿದರೆ ಶಕ್ತಿಯೂ 75ಕ್ಕೆ ಇಳಿಯುತ್ತದೆ. ತುಂಬಿದ ಎಚ್‌ಪಿಯಲ್ಲಿ ಬಿಸಿಲಿನ ಒಂದೂವರೆ ಪಟ್ಟು, ಸ್ವಂತ ಟೈಪ್‌ನ ಒಂದೂವರೆ ಪಟ್ಟು, ಇಬ್ಬರಿಗೂ ಹಂಚಿದ್ದಕ್ಕೆ ಮುಕ್ಕಾಲು, ಎಲ್ಲ ಸೇರಿ ಒಬ್ಬೊಬ್ಬರ ಮೇಲೂ ಸುಮಾರು 253ರ ಶಕ್ತಿ. ಇದನ್ನೇ ಒಂದೇ ಟರ್ನ್‌ನಲ್ಲಿ ಎರಡು ಸಲ ಹಾಕಿದರೆ?

ಇಲ್ಲಿ ಸ್ಪೀಡ್ ವಿಷಯ ನಿಧಾನವಾಗಿ ಓದಿ. ಇನ್‌ಸ್ಟ್ರಕ್ಟ್ ಜೊತೆಗಾರನ ಕೊನೆಯ ಮೂವ್ ಮತ್ತೆ ಮಾಡಿಸುತ್ತದೆ. ಹಾಗಾಗಿ ಟೊರ್ಕೋಲ್ ಮೊದಲು ಹೊಡೆದಿರಬೇಕು, ಒರಾಂಗುರು ಆಮೇಲೆ ಬರಬೇಕು. ಟ್ರಿಕ್ ರೂಮ್‌ನಲ್ಲಿ ಕಡಿಮೆ ಸ್ಪೀಡ್‌ನವರು ಮೊದಲು. ಟೊರ್ಕೋಲ್ 22, ಒರಾಂಗುರು 58. ತಾನಾಗೇ ಸರಿಯಾಗಿ ಕೂಡಿಬಂತು. ಜೊತೆಗಾರ ಒರಾಂಗುರುವಿಗಿಂತ ವೇಗದವನಾಗಿದ್ದರೆ ಇನ್‌ಸ್ಟ್ರಕ್ಟ್ ಮೊದಲೇ ಬಂದು ಹಿಂದಿನ ಟರ್ನ್‌ನ ಮೂವ್ ಹಿಡಿಯುತ್ತಿತ್ತು. ಹಿಂದಿನ ಟರ್ನ್‌ನಲ್ಲಿ ಜೊತೆಗಾರ ಪ್ರೊಟೆಕ್ಟ್ ಹಾಕಿದ್ದರೆ? ನಿಮ್ಮ ಟರ್ನ್ ವ್ಯರ್ಥ.

ಈ ನಿಧಾನಕ್ಕೆ ಇನ್ನೊಂದು ಲಾಭ ಇದೆ. ಎದುರಾಳಿ ಮಳೆ ತರುವ ಪೆಲಿಪರ್ ಜೊತೆ ಶುರು ಮಾಡಿದರೆ ಇಬ್ಬರ ಎಬಿಲಿಟಿಗಳೂ ಒಟ್ಟಿಗೆ ಬರುತ್ತವೆ. ವೇಗದವರದ್ದು ಮೊದಲು, ನಿಧಾನದವರದ್ದು ಆಮೇಲೆ. ಕೊನೆಗೆ ಬಂದದ್ದೇ ಉಳಿಯುತ್ತದೆ. ಮಳೆ ಬರುತ್ತದೆ, ತಕ್ಷಣ ಬಿಸಿಲು ಬೀಳುತ್ತದೆ. ಆದರೆ ಎಚ್ಚರ, ಆಮೇಲೆ ಪೆಲಿಪರ್ ಹೊರಗೆ ಹೋಗಿ ಮತ್ತೆ ಒಳಗೆ ಬಂದರೆ ಮಳೆ ವಾಪಸ್.

ಆರನೇ ಹೆಜ್ಜೆ: ಮೊದಲ ಎರಡು ಟರ್ನ್ ಬಾಯಿಪಾಠ ಮಾಡಿ

ಮೊದಲ ಟರ್ನ್: ಒರಾಂಗುರು ಟ್ರಿಕ್ ರೂಮ್, ಟೊರ್ಕೋಲ್ ಪ್ರೊಟೆಕ್ಟ್. ಟೊರ್ಕೋಲ್‌ನ ಎಚ್‌ಪಿ ತುಂಬಿರಬೇಕು, ಅದಕ್ಕೇ ಪ್ರೊಟೆಕ್ಟ್. ಎದುರಾಳಿ ಇಬ್ಬರೂ ಒರಾಂಗುರು ಮೇಲೆ ಬೀಳಬಹುದು. ನಾಲ್ಕನೇ ಹೆಜ್ಜೆಯ ಲೆಕ್ಕ ಇದಕ್ಕಾಗಿಯೇ ಇತ್ತು.

ಎರಡನೇ ಟರ್ನ್: ಟೊರ್ಕೋಲ್ ಎರಪ್ಷನ್, ಒರಾಂಗುರು ಇನ್‌ಸ್ಟ್ರಕ್ಟ್. ಚಿಕ್ಕಪ್ಪನ ಮಗನ ಎರಡೂ ಪೋಕ್ಮಾನ್ ಬಿದ್ದದ್ದು ಇಲ್ಲೇ.

ಟ್ರಿಕ್ ರೂಮ್ ಐದು ಟರ್ನ್ ಅಂದರೂ ಹಾಕಿದ ಟರ್ನ್ ಕೂಡ ಲೆಕ್ಕಕ್ಕೆ ಬರುತ್ತದೆ. ಕೈಗೆ ಸಿಗೋದು ನಾಲ್ಕೇ. ಒಂದನ್ನೂ ಸುಮ್ನೆ ಕಳೆಯಬೇಡಿ.

ಯಾವಾಗ ಈ ಜೋಡಿಯನ್ನು ಒಯ್ಯಬಾರದು ಅನ್ನೋದೂ ಬರೆದಿಟ್ಟುಕೊಳ್ಳಿ. ಎದುರಿಗೆ ವೈಡ್ ಗಾರ್ಡ್ (ಒಬ್ಬರಿಗಿಂತ ಹೆಚ್ಚು ಜನರಿಗೆ ತಾಗುವ ದಾಳಿಯನ್ನು ತಡೆಯುವ ಮೂವ್) ಇದ್ದರೆ ಎರಪ್ಷನ್ ಪೂರ್ತಿ ನಿಲ್ಲುತ್ತದೆ. ಹೀಟ್ರಾನ್‌ನಂಥ ಫ್ಲ್ಯಾಶ್ ಫೈರ್ ಎಬಿಲಿಟಿಯವರಿಗೆ ಬೆಂಕಿ ತಾಗುವುದೇ ಇಲ್ಲ. ಇನ್ಸಿನೆರೋರ್ ಕೂಡ ಕಷ್ಟ. ಅದರ ಫೇಕ್ ಔಟ್‌ಗೆ ನಾವು ಬೆಚ್ಚುವುದಿಲ್ಲ, ಸರಿ. ಆದರೆ ಒರಾಂಗುರುವಿಗೆ ಇರುವ ದೌರ್ಬಲ್ಯ ಎರಡೇ, ಬಗ್ ಮತ್ತು ಡಾರ್ಕ್. ಇನ್ಸಿನೆರೋರ್‌ನ ನಾಕ್ ಆಫ್ ಡಾರ್ಕ್, ಮತ್ತೆ ಬೆಂಕಿ ಅದಕ್ಕೆ ಅರ್ಧ ಮಾತ್ರ ತಾಗುತ್ತದೆ. ಅದಕ್ಕೇ ಟೊರ್ಕೋಲ್‌ಗೆ ಅರ್ಥ್ ಪವರ್ ಕೊಡಿ. ಅದು ಇನ್ಸಿನೆರೋರ್‌ಗೂ ಹೀಟ್ರಾನ್‌ಗೂ ಚೆನ್ನಾಗಿ ತಾಗುತ್ತದೆ, ಹೀಟ್ರಾನ್‌ಗೆ ನಾಲ್ಕು ಪಟ್ಟು.

ಆರರಲ್ಲಿ ನಾಲ್ಕು ಆರಿಸುವ ಆಟ ಇದು. ಒರಾಂಗುರು ಪ್ರತಿ ಮ್ಯಾಚ್‌ಗೂ ಬರಬೇಕಿಲ್ಲ. ಉಳಿದ ನಾಲ್ಕರಿಂದಲೇ ಸಾದಾ ಆಟ ಆಡುವ ಹಾಗೆ ಟೀಂ ಕಟ್ಟಿ.

ಏಳನೇ ಹೆಜ್ಜೆ: ಗುಟ್ಟಿನ ಮೇಲೆ ನಂಬಿಕೆ ಇಡಬೇಡಿ

"ಎದುರಾಳಿಗೆ ಗೊತ್ತಿಲ್ಲ, ಅದಕ್ಕೆ ಗೆಲ್ಲುತ್ತೇನೆ" ಅನ್ನೋ ಯೋಚನೆ ಶೋಡೌನ್‌ನ ಲ್ಯಾಡರ್‌ನಲ್ಲಿ (ರೇಟಿಂಗ್ ಪಂದ್ಯಗಳಲ್ಲಿ) ಸ್ವಲ್ಪ ದಿನ ನಡೆಯುತ್ತದೆ. ಅಧಿಕೃತ ಟೂರ್ನಿಗಳಲ್ಲಿ 2023ರ ಸೀಸನ್‌ನಿಂದ ಟೀಂ ಪಟ್ಟಿ ಬಹಿರಂಗ. ನಿಮ್ಮ ಪೋಕ್ಮಾನ್, ಎಬಿಲಿಟಿ, ಐಟಂ, ನಾಲ್ಕೂ ಮೂವ್ ಎದುರಾಳಿಯ ಕೈಯಲ್ಲಿರುತ್ತವೆ. ಮೂರರಲ್ಲಿ ಎರಡು ಗೆಲ್ಲಬೇಕಾದ ಪಂದ್ಯದಲ್ಲಿ ಬರೀ ಅಚ್ಚರಿ ಮೊದಲ ಆಟದಲ್ಲೇ ಮುಗಿದು ಹೋಗುತ್ತದೆ.

ಕುಸ್ತಿ ಅಖಾಡ ನೋಡಿದವರಿಗೆ ಇದು ಗೊತ್ತು. ಒಳ್ಳೆಯ ಪೈಲ್ವಾನನ ಮೆಚ್ಚಿನ ಪಟ್ಟು ಯಾವುದು ಅಂತ ಊರಿಗೆಲ್ಲ ಗೊತ್ತಿರುತ್ತದೆ. ಆದರೂ ಅದೇ ಪಟ್ಟಿಗೆ ಜನ ಬೀಳುತ್ತಾರೆ. ನಿಮ್ಮ ಟೀಂ ಹಾಗಿರಬೇಕು. ಪರೀಕ್ಷೆ ಸುಲಭ: ಗೆಳೆಯನಿಗೆ ನಿಮ್ಮ ಟೀಂ ಪೂರ್ತಿ ತೋರಿಸಿ, ಪ್ಲಾನ್ ಏನು ಅಂತಲೂ ಹೇಳಿ, ಆಮೇಲೆ ಆಡಿ. ಆಗಲೂ ಸರಿಸುಮಾರು ಅರ್ಧ ಮ್ಯಾಚ್ ಗೆದ್ದರೆ ಆ ಪೋಕ್ಮಾನ್ ನಿಮ್ಮದು.

ಸಿಂಗಲ್ಸ್ ಆಡುವವರಿಗೆ ಒಂದು ಮಾತು

ಯಾರಾದರೂ ಸ್ವೋರ್ಡ್ಸ್ ಡಾನ್ಸ್ ಹಾಕಿ ಅಟ್ಯಾಕ್ ಏರಿಸಿಕೊಂಡು ನಿಮ್ಮ ಇಡೀ ಟೀಂ ಗುಡಿಸಿ ಹಾಕುತ್ತಿದ್ದಾರಾ? ಡಿಟೊ ಇಟ್ಟು ನೋಡಿ. ಇಂಪೋಸ್ಟರ್ ಎಬಿಲಿಟಿ ಇದ್ದರೆ ಕಣಕ್ಕೆ ಬಂದ ಕೂಡಲೇ ಎದುರಾಳಿಯ ರೂಪ ತಾಳುತ್ತದೆ, ಅವರು ಏರಿಸಿಕೊಂಡ ಸ್ಟ್ಯಾಟ್ ಸಮೇತ. ಅವರ ಬೆವರು, ನಿಮ್ಮ ಫಸಲು. ಐಟಂ ಚಾಯ್ಸ್ ಸ್ಕಾರ್ಫ್ ಕಡ್ಡಾಯ. ನಕಲು ಮಾಡಿದರೆ ಸ್ಪೀಡ್ ಇಬ್ಬರದ್ದೂ ಸಮ ಆಗುತ್ತದೆ, ಒಂದೂವರೆ ಪಟ್ಟು ಮಾಡುವ ಸ್ಕಾರ್ಫ್ ಇದ್ದರೆ ಮಾತ್ರ ನೀವು ಮೊದಲು. ಎಚ್‌ಪಿ ಮಾತ್ರ ಡಿಟೊದ್ದೇ ಉಳಿಯುತ್ತದೆ, ಆದ್ದರಿಂದ 252 ಇ.ವಿ. ಎಚ್‌ಪಿಗೆ ಹಾಕಿ, ಉಳಿದದ್ದರ ಚಿಂತೆ ಬಿಡಿ. ಎದುರಾಳಿ ಸಬ್‌ಸ್ಟಿಟ್ಯೂಟ್ (ಬದಲಿಗೆ ಪೆಟ್ಟು ತಿನ್ನುವ ಗೊಂಬೆ) ಹಿಂದೆ ಇದ್ದರೆ ಡಿಟೊ ಕಳಿಸಬೇಡಿ, ರೂಪ ತಾಳಲು ಆಗುವುದಿಲ್ಲ. ನಕಲು ಮಾಡಿದ ಮೂವ್‌ಗಳಿಗೆ ಐದೈದೇ ಪಿ.ಪಿ., ಅಂದರೆ ಒಂದೊಂದನ್ನೂ ಐದೇ ಸಲ ಬಳಸಬಹುದು.

ಡಬಲ್ಸ್‌ಗೆ ವಾಪಸ್ ಬಂದರೆ, ಜನ ಮರೆತಿರುವ ಮೂವ್ ಇನ್ನೊಂದಿದೆ: ಇಂಪ್ರಿಸನ್. ಇದನ್ನು ಹಾಕಿದವರಿಗೆ ಗೊತ್ತಿರುವ ಮೂವ್‌ಗಳನ್ನು ಅವರು ಕಣದಲ್ಲಿ ಇರುವವರೆಗೆ ಎದುರಾಳಿ ಬಳಸುವ ಹಾಗಿಲ್ಲ. ಇಂಪ್ರಿಸನ್ ಜೊತೆ ಟ್ರಿಕ್ ರೂಮ್ ಇಟ್ಟರೆ ಎದುರಿನ ಟ್ರಿಕ್ ರೂಮ್ ಬಂದ್. ಪ್ರೊಟೆಕ್ಟ್ ಇಟ್ಟರೆ ಎದುರಿನ ಪ್ರೊಟೆಕ್ಟ್ ಕೂಡ ಬಂದ್. ನನ್ನಂಥ ಟ್ರಿಕ್ ರೂಮ್ ಆಡುವವರಿಗೆ ಇದಕ್ಕಿಂತ ತಲೆನೋವು ಬೇರೆ ಇಲ್ಲ. ಯಾಕೆ ಹೆಚ್ಚು ಜನ ಆಡುವುದಿಲ್ಲವೋ, ನನಗೆ ಇವತ್ತಿಗೂ ಆಶ್ಚರ್ಯ.

ಎಂಟನೇ ಹೆಜ್ಜೆ: ಮೂವತ್ತು ಮ್ಯಾಚ್, ಆಮೇಲೆ ತೀರ್ಮಾನ

ಮೂರು ಮ್ಯಾಚ್ ಸೋತ ಕೂಡಲೇ ಟೀಂ ಬದಲಿಸಬೇಡಿ. ಶೋಡೌನ್ ಲ್ಯಾಡರ್‌ನಲ್ಲಿ ರೇಟಿಂಗ್ 1000ದಿಂದ ಶುರು, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಪ್ರಯೋಗಕ್ಕೆ ಹೊಸ ಅಕೌಂಟ್ ಒಂದು ಮಾಡಿಕೊಳ್ಳಿ, ಇದ್ದ ರೇಟಿಂಗ್ ಹೋಗುತ್ತದೆ ಅನ್ನೋ ಭಯ ಇರುವುದಿಲ್ಲ. ಮೂವತ್ತು ಮ್ಯಾಚ್ ಒಂದೇ ಟೀಂ ಆಡಿ. ಪ್ರತಿ ಮ್ಯಾಚ್‌ಗೂ ನೋಟ್‌ಬುಕ್‌ನಲ್ಲಿ ಎರಡೇ ವಿಷಯ ಬರೆಯಿರಿ: ಆ ಪೋಕ್ಮಾನ್ ಅನ್ನು ಒಯ್ದಿರಾ, ಒಯ್ದರೆ ತನ್ನ ಕೆಲಸ ಮಾಡಿತಾ. ಗೆದ್ದಿರಾ ಸೋತಿರಾ ಅನ್ನೋದು ಆಮೇಲಿನ ಮಾತು.

ಹದಿನೈದು ಮ್ಯಾಚ್‌ಗೂ ಒಯ್ಯುವ ಮನಸ್ಸೇ ಬರಲಿಲ್ಲ ಅಂದರೆ ಆ ಜಾಗ ಬೇರೆಯವರಿಗೆ ಕೊಡಿ. ನಾನು ಹೀಗೆ ಸೇಬಲ್‌ಐ ಬಿಟ್ಟೆ. ಪ್ರಾಂಕ್‌ಸ್ಟರ್ ಎಬಿಲಿಟಿಯಿಂದ ಅದರ ವಿಲ್-ಓ-ವಿಸ್ಪ್ (ಎದುರಾಳಿಯನ್ನು ಸುಡುವ ಮೂವ್) ಸಾಮಾನ್ಯ ಮೂವ್‌ಗಳಿಗಿಂತ ಮೊದಲು ಬೀಳುತ್ತದೆ, ಬಹಳ ಇಷ್ಟಪಟ್ಟು ಇಟ್ಟುಕೊಂಡಿದ್ದೆ. ಆದರೆ ಡಾರ್ಕ್ ಟೈಪ್‌ಗಳ ಮೇಲೆ ಪ್ರಾಂಕ್‌ಸ್ಟರ್‌ನಿಂದ ಬರುವ ಮೂವ್ ನಡೆಯುವುದಿಲ್ಲ, ನನಗೆ ಎದುರಾಗುತ್ತಿದ್ದ ಟೀಂಗಳಲ್ಲಿ ಡಾರ್ಕ್ ಇಲ್ಲದ್ದೇ ಅಪರೂಪ. ಬಿಡುವಾಗ ಬೇಜಾರಾಯಿತು. ಹೆಸರು ಮಾತ್ರ ನೋಟ್‌ಬುಕ್‌ನ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಸೀಸನ್ ಬದಲಾದಾಗ ಮತ್ತೆ ನೋಡೋಣ ಅಂತ.

ಚಿಕ್ಕಪ್ಪನ ಮಗನೂ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಹೋದ ಶನಿವಾರ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುತ್ತಾ ಅದರ ಫೋಟೋ ಕಳಿಸಿದ. ಹತ್ತು ಸಾಲಲ್ಲಿ ನಾಲ್ಕು ಸಾಲು ಒಂದೇ ಇತ್ತು: "ಅಣ್ಣನ ಎರಪ್ಷನ್." ಕೆಳಗೆ ಪೆನ್ಸಿಲ್‌ನಲ್ಲಿ ವೈಡ್ ಗಾರ್ಡ್ ಬರುವ ಪೋಕ್ಮಾನ್‌ಗಳ ಪಟ್ಟಿ. ಅದರಲ್ಲಿ ಮೂರನೆಯದರ ಸುತ್ತ ಗೆರೆ ಎಳೆದಿದ್ದ. ಅದನ್ನು ನಾನು ಇಲ್ಲಿಯವರೆಗೆ ಯಾರ ಟೀಂನಲ್ಲೂ ನೋಡಿಲ್ಲ.